ರೆಕ್ಕಿ ಹಚ್ಚು, ರೆಕ್ಕಿ ಬಿಚ್ಚು

ಅಣ್ಣ ಅಂದು ಹೇಳಿದ ಮಾತು ಯಾವುದೆಂದು ನನಗೆ ಖಚಿತವಿಲ್ಲ. ಭಾನುವಾರ ಹೇಳಿದನೆಂದು ನಾನು ನಂಬಿದ್ದೇನೆ, ಏಕೆಂದರೆ ಭಾನುವಾರ ಬಿಟ್ಟು ಬೇರೆ ದಿನ ನಾನು ಜೇವರ್ಗಿಯಿಂದ ಅಫಜಲಪುರಕ್ಕೆ ಹೋಗುತ್ತಿರಲಿಲ್ಲ. ಆದರೆ ಆ ದಿನಗಳಲ್ಲಿ ನಾನು ರಜೆ ಹಾಕಿ ವಾರದ ನಡುವೆಯೂ ಬರುತ್ತಿದ್ದೆ ಎಂದು ಅಣ್ಣನ ಹೆಂಡತಿ, ನಮ್ಮ ವೈನಿ, ಹೇಳುತ್ತಾರೆ. ನನಗೆ ಹಾಗೆ ಬಂದ ನೆನಪೇ ಇಲ್ಲ. ಜೇವರ್ಗಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು ನಾನು. ಅಳತೆಯ ಪಕ್ಕದಲ್ಲಿ ಅದು ಎಷ್ಟು ಹಿಂದೆಮುಂದೆ ಇರಬಹುದೆಂದು ಬರೆಯದ ವಿದ್ಯಾರ್ಥಿಗೆ ಪೂರ್ತಿ ಅಂಕ ಕೊಡುವುದಿಲ್ಲ. ಅದೇ ನಿಯಮ ನನ್ನ ನೆನಪಿಗೂ ಹಾಕಿದರೆ ಉಳಿಯುವುದು ಬಹಳ ಕಡಿಮೆ.

ಅಣ್ಣ ಅಫಜಲಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಕಾಗದದಲ್ಲಿ ಮಾದರಿ ಮಾಡುವ ಹುಚ್ಚು ಅವನಿಗೆ ಮೊದಲಿನಿಂದ ಇತ್ತು. ಎಲ್ಲಿಯದೋ ಹವ್ಯಾಸಿಯೊಬ್ಬ ತನ್ನ ತಲೆಯಿಂದಲೇ ಒಂದು ಅಂತರಿಕ್ಷ ನೌಕೆ ಹುಟ್ಟಿಸಿ, ಅದರ ಭಾಗಗಳನ್ನು ಬಿಡಿಬಿಡಿಯಾಗಿ ಬರೆದು ಇಂಟರ್ನೆಟ್ಟಿಗೆ ಹಾಕಿದ್ದ. ಅಂಥ ನೌಕೆ ಜಗತ್ತಿನಲ್ಲಿ ಇಲ್ಲ, ಆಗುವುದೂ ಇಲ್ಲ. ಅಣ್ಣ ಆ ಹಾಳೆಗಳನ್ನು ಬಸ್ ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ದಪ್ಪ ಕಾಗದದ ಮೇಲೆ ತೆಗೆಸಿಕೊಂಡು ಬಂದ. ಅದಕ್ಕೆ ಅವನಿಟ್ಟ ಹೆಸರು ಜಹಾಜು. ಶಾಯಿ ತೀರಿದ ಬಾಲ್‌ಪೆನ್ನಿನಿಂದ ಮಡಿಕೆಯ ಗೆರೆಗಳನ್ನು ಒತ್ತಿ, ಆಮೇಲೆ ಕತ್ತರಿಸಿ, ಅಂಚಿನ ಸಣ್ಣ ಪಟ್ಟಿಗಳಿಗೆ ಅಂಟು ಸವರಿ ಕೂಡಿಸುವುದು. ಆ ಪಟ್ಟಿಗಳನ್ನು ಅವನು ನಾಲಿಗೆ ಎನ್ನುತ್ತಿದ್ದ. 'ನಾಲಿಗಿ ಸರಿ ಇದ್ರ ಎಲ್ಲಾ ಸರಿ ಕೂಡ್ತದ' ಎಂದು ಮಕ್ಕಳಿಗೂ ಹೇಳುತ್ತಿದ್ದನಂತೆ.

ಇದ್ದದ್ದನ್ನು ಇದ್ದ ಹಾಗೆ ಮಾಡುವುದು ಅವನ ಸ್ವಭಾವವಲ್ಲ. ನೌಕೆಯ ಮೂತಿಗೆ ತೋಪುಗಳಿದ್ದವು. ಅವನ್ನು ಕಿತ್ತು ಹಾಕಿ ಅಲ್ಲಿ ಕಿಟಕಿ ಬರೆದ. ಬಾಗಿಲಿನ ಪಕ್ಕ ಕೂಡಲು ಒಂದು ಕಟ್ಟೆ ಮಾಡಿದ. ಹೊಟ್ಟೆಯ ಭಾಗದಲ್ಲಿದ್ದ ಇಂಧನದ ಕೋಣೆಯನ್ನು ಜೋಳದ ಹಗೇವು ಮಾಡಿದ.

"ಹಗೇವು ನೆಲದಾಗ ತೋಡ್ತಾರೋ ಅಣ್ಣಾ. ಆಕಾಶದಾಗ ಎಲ್ಲಿ ತೋಡ್ತಿ?" ಎಂದೆ.

"ಮತ್ತ ಅಷ್ಟು ದೂರ ಹೋಗೋರು ಏನ್ ತಿನಬೇಕಲೇ, ನಿನ್ನ ಫಾರ್ಮುಲಾ ತಿನಬೇಕೇನು?"

ಕೊನೆಗೆ ಎರಡು ರೆಕ್ಕೆ ಬರೆದ. ಹದ್ದಿನ ರೆಕ್ಕೆಯ ಹಾಗೆ ಅಗಲವಾಗಿ, ಒಂದೊಂದು ಗರಿಯನ್ನೂ ಬಿಡಿಸಿ. ಅಂತರಿಕ್ಷದಲ್ಲಿ ಗಾಳಿಯೇ ಇಲ್ಲ, ರೆಕ್ಕೆ ಏನು ಬಡಿದರೂ ಉಪಯೋಗವಿಲ್ಲ ಎಂದು ನಾನು ಪಾಠ ಶುರು ಮಾಡಿದೆ. ಅವನು ಗರಿಗಳಿಗೆ ಬಣ್ಣ ತುಂಬುತ್ತಲೇ ಕೇಳಿದ: "ಹೊಳ್ಳಿ ಬಂದು ಇಳೀಬೇಕಾದ್ರ? ಇಲ್ಲೇನು ಗಾಳಿ ಇಲ್ಲಾ?" ಇದಕ್ಕೆ ನಾನು ಏನು ಹೇಳಿದೆನೋ ನೆನಪಿಲ್ಲ.

ರೆಕ್ಕೆ ಕತ್ತರಿಸಿ ಇಟ್ಟಿದ್ದ, ಇನ್ನೂ ಕೂಡಿಸಿರಲಿಲ್ಲ. ಅಷ್ಟರಲ್ಲಿ ಲಕ್ವಾ ಹೊಡೆಯಿತು. ಶಾಲೆಯಲ್ಲಿ ಬೋರ್ಡಿನ ಮುಂದೆ ನಿಂತವನು ಹಾಗೇ ಜಾರಿ ಬಿದ್ದನಂತೆ. ಕಲಬುರಗಿಯ ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಜೀವಕ್ಕೆ ಅಪಾಯವಿರಲಿಲ್ಲ. ಆದರೆ ಬಲಗೈ ಮಡಿಲಲ್ಲಿ ಬಿದ್ದುಕೊಂಡಿತ್ತು, ಮಾತು ಪೂರ್ತಿ ಹೋಗಿತ್ತು. ಮಾತು ಬರಬಹುದು ಎಂದರು ಡಾಕ್ಟರು. ಬರುವಾಗ ಹೇಗೆ ನೋಡಿಕೊಳ್ಳಬೇಕೆಂದೂ ಹೇಳಿದರು.

"ಅವರು ಮೊದಲಿಗಿ ಏನರೆ ಕೇಳಿದ್ರಂದ್ರ ಅದು ಅವರಿಗಿ ಸಿಗಬೇಕ್ರಿ. ಕೇಳಿದ್ದು ಸಿಗಲಿಲ್ಲಂದ್ರ ಕೇಳೋದೇ ಬಿಟ್ಟುಬಿಡ್ತಾರ. ಆಮ್ಯಾಲ ಭಾಳ ಕಠಿಣ."

ಈ ಮಾತು ಮಾತ್ರ ನನಗೂ ವೈನಿಗೂ ಒಂದೇ ರೀತಿ ನೆನಪಿದೆ.

ಲಕ್ವಾ ಹೊಡೆದವರಿಗೆ ಪಾರಿವಾಳದ ರೆಕ್ಕೆಯ ಗಾಳಿ ಬಡಿಯಬೇಕು ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಹಿಂದೂಗಳ ಮನೆಯಲ್ಲೂ ಹೇಳುತ್ತಾರೆ, ಮುಸಲ್ಮಾನರ ಮನೆಯಲ್ಲೂ ಹೇಳುತ್ತಾರೆ. ವೈನಿಯ ತವರು ಆಳಂದ. ಅಲ್ಲಿ ಪಾರಿವಾಳ ಸಾಕುವವರೊಬ್ಬರು ಅವರಿಗೆ ಗೊತ್ತಿದ್ದರು. ನಾನು ರಕ್ತನಾಳ, ಮಿದುಳು ಎಂದು ಬಿಡಿಸಿ ಹೇಳಿದೆ. ವೈನಿ ತಲೆಬಾಗಿಲಲ್ಲಿ ನಿಂತು ಕೊನೆಯವರೆಗೂ ಕೇಳಿದರು.

"ನೀವು ಹೇಳೋದು ಖರೆ ಅದ ಪ್ರೊಫೆಸರ್ರ. ಆದ್ರ ನಿಮ್ಮ ಹತ್ರ ಬ್ಯಾರೆ ಏನರೆ ಅದ ಏನು? ಇದ್ರ ಕೊಡ್ರಿ, ಅದನ್ನೇ ಮಾಡ್ತೇನಿ."

ಮುಂದಿನ ರಜೆಗೆ ನಾನೇ ಆಳಂದಕ್ಕೆ ಹೋದೆ.

ಪಾರಿವಾಳದ ಯಜಮಾನರು ತೊಗರಿ ವ್ಯಾಪಾರದವರು. ಮಾಳಿಗೆಯ ಮೇಲೆ ಗೂಡು ಕಟ್ಟಿದ್ದರು. ಒಂದು ಜೋಡಿ ಹಿಡಿದು, ಪ್ರತಿಯೊಂದರ ಒಂದು ರೆಕ್ಕೆಯ ಗರಿಗಳನ್ನು ಕೆಂಪು ದಾರದಿಂದ ಸೇರಿಸಿ ಕಟ್ಟಿದರು.

"ಇವಕ್ಕ ನಿಮ್ಮ ಮನಿ ರೂಢಿ ಆಗೋತನಕ ದಾರ ಬಿಚ್ಚಬ್ಯಾಡ್ರಿ ಸಾಹೇಬ್ರ, ಹಾರಿ ಹೋಗ್ತಾವ."

"ರೆಕ್ಕಿ ಕಟ್ಟಿದ ಮ್ಯಾಲ ಗಾಳಿ ಎಲ್ಲಿಂದ ಬರಬೇಕ್ರಿ?" ಎಂದೆ. ಕುಹಕದಿಂದಲೇ ಕೇಳಿದ್ದೆ.

"ಇನ್ನೊಂದು ರೆಕ್ಕಿ ಅದಲ್ರಿ! ಅಲ್ಲಾನ ಮ್ಯಾಲ ಇಷ್ಟರೆ ಯಕೀನ್ ಇಡ್ರಿ."

ಬುಟ್ಟಿಗೆ ಗೋಣಿತಟ್ಟು ಕಟ್ಟಿಕೊಂಡು ಅಫಜಲಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವು ಗುಟುರು ಹಾಕುತ್ತಿದ್ದವು. ಕಂಡಕ್ಟರ್ ಬುಟ್ಟಿಗೆ ಕಿವಿ ಕೊಟ್ಟು, "ಇವ್ರು ಎಲ್ಲಿ ಇಳೀತಾರ್ರಿ?" ಎಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ ಎಂದು ಅಂದುಕೊಂಡಿದ್ದೇನೆ.

ಅಣ್ಣನ ಮಂಚದ ಎದುರು ಒಂದೇ ಕಿಟಕಿ. ಅದರ ಕಟ್ಟೆಯ ಮೇಲೆ ಜಹಾಜು ಇತ್ತು, ರೆಕ್ಕೆ ಎರಡೂ ಅದರ ಪಕ್ಕದಲ್ಲಿ ಚಪ್ಪಟೆಯಾಗಿ ಮಲಗಿದ್ದವು. ಕಟ್ಟೆಯ ಇನ್ನೊಂದು ತುದಿಯೇ ಪಾರಿವಾಳಗಳ ಜಾಗವಾಯಿತು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಅಣ್ಣ ಕಿಟಕಿಯ ಕಡೆ ನೋಡಿದರೆ ಎರಡನ್ನೂ ನೋಡಿದ ಹಾಗೆ. ಅವನ ಕಣ್ಣು ಯಾವುದರ ಮೇಲಿತ್ತು ಎಂದು ಹೇಳಲು ಬರುವುದಿಲ್ಲ.

ಆ ಮಾತು ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ವೈನಿ ಅವನಿಗೆ ಜೋಳದ ನುಚ್ಚು ತಿನ್ನಿಸುತ್ತಿದ್ದರು, ನಾನು ಕಾಲ ಬಳಿ ಕುಳಿತಿದ್ದೆ. ಒಂದು ಪಾರಿವಾಳ ಕಟ್ಟದ ರೆಕ್ಕೆಯನ್ನು ಬಡಿದು ಒಂದೇ ಮಗ್ಗುಲಿಗೆ ಸುತ್ತಿ ಬಿತ್ತು. ಅಣ್ಣ ತುತ್ತನ್ನು ನಾಲಿಗೆಯಿಂದ ಹೊರಗೆ ತಳ್ಳಿದ. ತುಟಿಯ ಎಡ ತುದಿ ನಡುಗಿತು.

"ರೆಕ್ಕಿ..." ಎಂದ. ಸ್ಪಷ್ಟವಾಗಿಯೇ ಎಂದ. ಆಮೇಲೆ ಉಸಿರು ಎಳೆದುಕೊಂಡು ಏನೋ ನುಂಗಿದ ಹಾಗೆ ಮಾಡಿ, "...ಚ್ಚು."

ವೈನಿಯ ಕೈಯಿಂದ ಬಟ್ಟಲು ಜಾರಿತು. ಅವರು ಅಳುತ್ತಲೇ ನನ್ನ ಕಡೆ ತಿರುಗಿದರು. "ಕೇಳಿದ್ರೇನು? ಬಿಚ್ಚು ಅಂದ್ರು! ರೆಕ್ಕಿ ಬಿಚ್ಚು ಅಂದ್ರು!"

"ಅಲ್ಲ ವೈನಿ, ಹಚ್ಚು ಅಂದ. ಜಹಾಜಿನ ರೆಕ್ಕಿ ಹಚ್ಚು ಅಂತಾನ."

ಹಚ್ಚು ಎಂದೇ ಕೇಳಿಸಿತ್ತು ನನಗೆ. ಈಗ ಬರೆಯುವಾಗಲೂ ಕಿವಿಯಲ್ಲಿ ಹಚ್ಚು ಎಂದೇ ಇದೆ. ಆದರೆ ಈ ಹಚ್ಚು ಎಷ್ಟು ಸಲ ನಾನೇ ನನಗೆ ಹೇಳಿಕೊಂಡದ್ದು, ಅದರಲ್ಲಿ ಅಣ್ಣನ ದನಿ ಎಷ್ಟು ಉಳಿದಿದೆ, ಗೊತ್ತಿಲ್ಲ.

ಅವನನ್ನೇ ಕೇಳಿದೆವು.

"ಅಣ್ಣಾ, ಜಹಾಜಿನ ರೆಕ್ಕಿ ಹಚ್ಚಲೇನು?"

"ಹೂಂ."

ವೈನಿ ಮುಂದೆ ಬಂದರು. "ಪಾರಿವಾಳದ ದಾರ ಬಿಚ್ಚಲೇನ್ರಿ?"

"ಹೂಂ."

ನಾನು ಪರೀಕ್ಷೆಗೆಂದು ಕೇಳಿದೆ: "ಈಗ ನೀ ಎದ್ದು ಸೊಲ್ಲಾಪುರದ ಬಸ್ ಹೊಡೀತೀಯೇನು?"

"ಹೂಂ," ಎಂದು ಅರ್ಧ ಮುಖದಲ್ಲಿ ನಕ್ಕ. ಆಮೇಲೆ ನಗು ನಿಂತು ಕಣ್ಣು ತುಂಬಿದವು. ಮತ್ತೆ ಕಿಟಕಿಯ ಕಡೆ ನೋಡಿ ಅದನ್ನೇ ಹೇಳಿದ. ಮತ್ತೆ ಆ ನಡುವಿನ ಅಕ್ಷರ ಗಂಟಲಲ್ಲೇ ಉಳಿಯಿತು. ನೀರು ಕೊಟ್ಟೆವು, ಬಟ್ಟೆ ಬದಲಿಸಿದೆವು, ದಿಂಬು ಎತ್ತರಿಸಿದೆವು. ಸಂಜೆ ನಾನು ಬಸ್ಸಿಗೆ ಹೊರಡುವಾಗಲೂ ಹೇಳುತ್ತಿದ್ದ.

ಮುಂದಿನ ದಿನಗಳಲ್ಲಿ ವೈನಿ ಫೋನ್ ಮಾಡಿದಾಗಲೆಲ್ಲ ಹಿಂದೆ ಅವನ ದನಿ ಕೇಳುತ್ತಿತ್ತು. ಇನ್ನೊಂದು ಮಾತೂ ಬಂದಿರಲಿಲ್ಲ. ವೈನಿಯ ಸಂಕಟ ನನ್ನದಕ್ಕಿಂತ ದೊಡ್ಡದು. ಅವರಿಗೆ ಕೇಳಿಸಿದ್ದು ಬಿಚ್ಚು. ಆದರೆ ಬಿಚ್ಚಿದರೆ ಪಾರಿವಾಳ ಉಳಿಯುವುದಿಲ್ಲ, ಪಾರಿವಾಳ ಹೋದರೆ ಗಾಳಿ ಇಲ್ಲ. "ಅವರು ಕೇಳಿದ್ದು ಕೊಟ್ರ ಅವರ ಔಷಧ ಹೋಗ್ತದ. ಕೊಡಲಿಲ್ಲಂದ್ರ ಮಾತು ಹೋಗ್ತದ. ನಾ ಏನ್ ಮಾಡ್ಲಿ, ಹೇಳ್ರಿ" ಎಂದು ಫೋನಿನಲ್ಲಿ ಕೇಳಿದರು. ಪಾರಿವಾಳದಿಂದ ಏನೂ ಆಗುವುದಿಲ್ಲ, ಬಿಟ್ಟುಬಿಡಿ ಎಂದು ನಾನು ಅನ್ನಬಹುದಿತ್ತು. ಬಾಯಿಗೆ ಬರಲಿಲ್ಲ. ಆ ಹೊತ್ತಿಗೆ ನನಗೂ ಆ ಗಾಳಿಯ ಮೇಲೆ ಆಸೆ ಹುಟ್ಟಿತ್ತೋ ಏನೋ.

ನಾನು ಒಂದು ಉಪಾಯ ಹೇಳಿದೆ. ಮೊದಲು ಜಹಾಜಿಗೆ ರೆಕ್ಕೆ ಹಚ್ಚೋಣ, ಒಂದು ವಾರ ನೋಡೋಣ. ಅವನು ಆ ಮಾತು ನಿಲ್ಲಿಸಿದರೆ, ಕೇಳಿದ್ದು ಸಿಕ್ಕಿದೆ ಎಂದು ತಿಳಿಯೋಣ. ನಿಲ್ಲಿಸದಿದ್ದರೆ ದಾರ ಬಿಚ್ಚೋಣ. ಒಂದು ಸಲಕ್ಕೆ ಒಂದೇ ಬದಲು ಮಾಡಬೇಕು. ಎರಡು ಕೂಡಿ ಮಾಡಿದರೆ ಯಾವುದರಿಂದ ಏನಾಯಿತು ತಿಳಿಯುವುದಿಲ್ಲ. ವೈನಿ ಒಪ್ಪಿದರು. ಒಪ್ಪಿದರು ಎಂದು ನಾನು ತಿಳಿದೆ.

ಮುಂದಿನ ಸಲ ಅಫಜಲಪುರಕ್ಕೆ ಹೋದಾಗ ರೆಕ್ಕೆ ಹಚ್ಚಲು ಕೂತೆ, ಅದು ಸುಲಭವಿರಲಿಲ್ಲ. ಅಣ್ಣ ಬರೆದ ರೆಕ್ಕೆಗೆ ನಾಲಿಗೆ ಇತ್ತು, ಆದರೆ ಜಹಾಜಿನ ಮೈಯಲ್ಲಿ ಅದಕ್ಕೆ ಸೀಳು ಮಾಡಿರಲಿಲ್ಲ. ಎಲ್ಲಿ ಸೀಳಬೇಕೆಂದು ಗುರುತೂ ಇರಲಿಲ್ಲ. ಹಿಂದಕ್ಕೆ ಹಚ್ಚಿದರೆ ಜಹಾಜು ಮೂತಿ ಮೇಲೆತ್ತುತ್ತದೆ, ಮುಂದಕ್ಕೆ ಹಚ್ಚಿದರೆ ಅದರ ಬಾಗಿಲ ಕಟ್ಟೆಗೆ ಅಡ್ಡ ಬರುತ್ತದೆ. ಜಹಾಜನ್ನು ಅವನ ಮುಂದೆ ಹಿಡಿದು, "ಇಲ್ಲೇನೋ? ಇಲ್ಲೇನು?" ಎಂದು ಬೆರಳು ಸರಿಸುತ್ತ ಕೇಳಿದೆ. ಎಲ್ಲಕ್ಕೂ ಹೂಂ. ಕೊನೆಗೆ ತೂಕ ನೋಡಿ, ನನಗೆ ಸರಿ ಕಂಡಲ್ಲಿ ಬ್ಲೇಡು ಇಟ್ಟು ಸೀಳಿದೆ. ಬಲರೆಕ್ಕೆ ಸರಿಯಾಗಿ ಕೂತಿತು. ಎಡರೆಕ್ಕೆಯ ನಾಲಿಗೆ ಅಂಟಿನಲ್ಲಿ ನೆನೆದು ಹರಿಯಿತು. ಒಳಗಿನಿಂದ ಬೇರೆ ಕಾಗದ ಕೊಟ್ಟು, ಒಣಗುವವರೆಗೆ ಕೈಯಲ್ಲೇ ಹಿಡಿದು ಕುಳಿತೆ. ಅಣ್ಣನ ಕೈಯಾಗಿದ್ದರೆ ಇಷ್ಟು ಹೊತ್ತು ಬೇಕಾಗುತ್ತಿರಲಿಲ್ಲ. ಆ ಕೈ ಅಲ್ಲೇ ನನ್ನ ಮೊಣಕಾಲಿನ ಪಕ್ಕ ಹಾಸಿಗೆಯ ಮೇಲಿತ್ತು.

ರೆಕ್ಕೆ ಬಿಡಿಸಿದ ಜಹಾಜನ್ನು ಕಿಟಕಿಯಲ್ಲಿಟ್ಟೆ. ಅಣ್ಣ ಅದನ್ನು ನೋಡಿದ. ಮಾತಾಡಲಿಲ್ಲ. ನನಗೆ ಗೆದ್ದಷ್ಟು ಸಂತೋಷವಾಯಿತು. ಮುಖ ತೊಳೆಯಲೆಂದು ಹಿತ್ತಲಿಗೆ ಹೋದೆ. ಬರುವಷ್ಟರಲ್ಲಿ ವೈನಿ ಕಿಟಕಿಯ ಹತ್ತಿರ ನಿಂತಿದ್ದರು, ಬೆರಳಿಗೆ ಕೆಂಪು ದಾರ ಸುತ್ತಿಕೊಂಡಿತ್ತು. ಕಟ್ಟೆಯ ಆ ತುದಿ ಖಾಲಿ.

"ವಾರ ತಡೀರಿ ಅಂದಿದ್ನಲ್ರೀ ವೈನಿ!"

"ನೀವು ಅಂದ್ರಿ. ಅವರು ಅಂದ್ರೇನು?"

ಅಂದಿನಿಂದ ಅಣ್ಣ ಆ ಮಾತು ಆಡಿಲ್ಲ. ಬೇರೆ ಮಾತೂ ಆಡಿಲ್ಲ. ಹೂಂ ಎನ್ನುತ್ತಾನೆ, ನಗುತ್ತಾನೆ, ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾನೆ. ಡಾಕ್ಟರ ಲೆಕ್ಕದಲ್ಲಿ ಇದಕ್ಕೆ ಎರಡು ಅರ್ಥ: ಕೇಳಿದ್ದು ಸಿಕ್ಕಿತು, ಸುಮ್ಮನಾದ, ಅಥವಾ ಕೇಳಿದ್ದು ಕೊನೆಗೂ ಸಿಗಲಿಲ್ಲ, ಕೇಳುವುದನ್ನೇ ಬಿಟ್ಟ. ಸಿಕ್ಕಿದ್ದರೆ ಇನ್ನೊಂದನ್ನು ಕೇಳಬೇಕಿತ್ತಲ್ಲ ಎಂದು ನಾನು. ಎಲ್ಲ ಸಿಕ್ಕಿತು, ಇನ್ನೇನು ಕೇಳುತ್ತಾರೆ ಎಂದು ವೈನಿ. ನಾನು ರೆಕ್ಕೆ ಹಚ್ಚಿದ ಕೂಡಲೇ ಅವನು ಸುಮ್ಮನಾದ ಎಂದು ನನ್ನ ನೆನಪು. ನಾನು ಹಿತ್ತಲಿಗೆ ಹೋದ ಮೇಲೂ ಅವನು ಹೇಳುತ್ತಲೇ ಇದ್ದ, ಅದಕ್ಕೇ ತಡೆಯಲಾರದೆ ದಾರ ಬಿಚ್ಚಿದೆ ಎಂದು ವೈನಿಯ ನೆನಪು. ದಾರವನ್ನು ಮುಂಜಾನೆಯೇ ಬಿಚ್ಚಿದ್ದಿರಿ, ಪಾರಿವಾಳ ಹಾರದೆ ಕೂತಿದ್ದವು ಅಷ್ಟೇ ಎಂದು ಒಮ್ಮೆ ನಾನು ವಾದ ಮಾಡಿದೆ. ಹಾಗೆ ಆಗಿದ್ದರೆ ನನ್ನ ಪ್ರಯೋಗ ಉಳಿಯುತ್ತಿತ್ತು: ದಾರ ಬಿಚ್ಚಿದ ಮೇಲೂ ಕೇಳುತ್ತಿದ್ದವನು ರೆಕ್ಕೆ ಹಚ್ಚಿದ ಮೇಲೆ ನಿಲ್ಲಿಸಿದ ಎಂದು ಹೇಳಬಹುದಿತ್ತು. ವಾದ ಮಾಡುತ್ತ ಮಾಡುತ್ತ ಅದು ನನಗೆ ಕಣ್ಣಾರೆ ಕಂಡ ಹಾಗೆಯೇ ನೆನಪಾಗತೊಡಗಿತು. ವೈನಿ ಜಗಳವಾಡಲಿಲ್ಲ. "ಹಂಗೇ ಇರ್ಲಿ ಬಿಡ್ರಿ" ಎಂದರು. ಅಣ್ಣ ಇಬ್ಬರ ಮುಖವನ್ನೂ ನೋಡುತ್ತ ಕುಳಿತಿದ್ದ.

ಈಚೆಗೆ ಆಳಂದದಲ್ಲಿ ವೈನಿಯ ತಂಗಿಯ ಮನೆಗೆ ಹೋಗಿದ್ದೆ. ಜಹಾಜು ಮುಗಿದ ದಿನ ಅಕ್ಕ ಒಂದು ಫೋಟೊ ಕಳಿಸಿದ್ದಳು ಎಂದು ಅವರು ತಮ್ಮ ಫೋನಿನಲ್ಲಿ ತೋರಿಸಿದರು. ನಾನು ಅದನ್ನು ಬೆರಳಿನಿಂದ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದೆ. ಅಣ್ಣ ಮಂಚದ ಮೇಲಿದ್ದಾನೆ, ಬಾಯಿ ತೆರೆದಿದೆ. ಮಾತೋ ಆಕಳಿಕೆಯೋ ಫೋಟೊದಿಂದ ಹೇಳಲಾಗುವುದಿಲ್ಲ. ಜಹಾಜು ಕಿಟಕಿಯಲ್ಲಿದೆ, ಎರಡೂ ರೆಕ್ಕೆ ಅದರ ಮೈಗೆ ಹತ್ತಿವೆ. ಅದರ ಪಕ್ಕದಲ್ಲಿ ಎರಡು ಪಾರಿವಾಳಗಳು ಕೂತಿವೆ, ಮುಂಜಾನೆಯೇ ಬಿಚ್ಚಿದ್ದಿರಿ ಎಂದು ನಾನು ವಾದಿಸಿದ ಕೆಂಪು ದಾರ ಎರಡರ ರೆಕ್ಕೆಗೂ ಇನ್ನೂ ಇದೆ.