ಮಡಿಯಲ್ಲಿ ಬೇಯಿಸಿದ ಕೋಳಿ

ನಾಟಕಕ್ಕೆ ತಿಂಡಿ ಮಾಡಿಕೊಡಲು ಹೊರಟವರಿಗೆ ನಾನು ಮೊದಲು ಹೇಳುವುದು ಇಷ್ಟೇ: ತೀರಾ ರುಚಿಯಾಗಿ ಮಾಡಬೇಡಿ. ನಟ ಮಾತು ಮರೆತು ತಿನ್ನುತ್ತಾ ಕೂತುಬಿಡುತ್ತಾನೆ. ಒಣಕಲು ಮಾಡಿದರೂ ಕಷ್ಟ, ಸಾಯುವ ದೃಶ್ಯದಲ್ಲಿ ಬಿಕ್ಕಳಿಕೆ ಹತ್ತುತ್ತದೆ. ಐಸ್‌ಕ್ರೀಮ್ ಬೇಕೆಂದರೆ ಆಲೂಗಡ್ಡೆ ಬೇಯಿಸಿ, ಬೆಣ್ಣೆ ಸಕ್ಕರೆ ಹಾಕಿ ನುಣ್ಣಗೆ ನಾದಿ. ಎಷ್ಟು ದೀಪ ಬಿಟ್ಟರೂ ಕರಗುವುದಿಲ್ಲ. ಇದನ್ನು ನನಗೆ ಯಾರೂ ಕಲಿಸಲಿಲ್ಲ, ಕೆಡಿಸಿ ಕೆಡಿಸಿ ಕಲಿತೆ.

ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಮನೆಯವರನ್ನು ಬ್ಯಾಂಕಿನವರು ತುಮಕೂರಿನಿಂದ ವಿಶಾಖಪಟ್ಟಣಕ್ಕೆ ವರ್ಗ ಮಾಡಿದರು. ಎಂವಿಪಿ ಕಾಲೋನಿಯಲ್ಲಿ ನಮ್ಮ ಮೇಲಿನ ಮನೆಯವರು ತೆಲುಗು ನಾಟಕದ ನಿರ್ದೇಶಕರು. ಅವರ ನಾಟಕ ನೋಡಲು ಹೋದರೆ ಮದುವೆ ಊಟದ ದೃಶ್ಯದಲ್ಲಿ ಅಷ್ಟೂ ಜನ ಖಾಲಿ ಎಲೆಯ ಮುಂದೆ ಗಾಳಿ ಅಗಿಯುತ್ತಿದ್ದರು. ಮಾರನೆಯ ದಿನ ಮೆಟ್ಟಿಲ ಮೇಲೆ ಹಿಡಿದು ಕೇಳಿದೆ, "ಏನಂಡಿ, ನಿಮ್ಮ ನಾಟಕದ ಹೆಣ್ಣಿನ ಅಪ್ಪ ದಿವಾಳಿಯಾ?" ಅಲ್ಲಿಂದ ಶುರುವಾಯಿತು ನನ್ನ ಕಸುಬು. ಪುಕ್ಕಟೆ ಮಾತ್ರ ಅಲ್ಲ. ನಾಟಕದವರ ಹತ್ತಿರ ದುಡ್ಡು ಕೇಳಿದರೆ ಬೀದಿ ಬದಲಾಯಿಸುತ್ತಾರೆ. ಅವರ ಬಳಿ ಇರುವುದನ್ನೇ ಕೇಳಬೇಕು. ಅವರ ಬಡಗಿಯಿಂದ ನಮ್ಮ ಮನೆಗೆ ಒಂದು ಪಾತ್ರೆ ಸ್ಟ್ಯಾಂಡ್ ಬಂತು.

ಒಂದು ಚಳಿಗಾಲದಲ್ಲಿ ನಿರ್ದೇಶಕರು ಮುಖ ಸಣ್ಣದು ಮಾಡಿಕೊಂಡು ಕೆಳಗಿಳಿದು ಬಂದರು. ವಿಜಯವಾಡದಲ್ಲಿ ನಾಟಕ ಸ್ಪರ್ಧೆ. ಹಸಿದ ರೈತನ ಎದುರಿಗೇ ಜಮೀನ್ದಾರ ಇಡೀ ಕೋಳಿಯನ್ನು ಕಿತ್ತು ತಿನ್ನುವುದೇ ನಾಟಕದ ಜೀವ. ಆದರೆ ಜಮೀನ್ದಾರನ ಪಾತ್ರದವರು ಅಯ್ಯಪ್ಪ ಮಾಲೆ ಹಾಕಿಕೊಂಡುಬಿಟ್ಟಿದ್ದರು.

"ಸ್ವಾಮಿ ಈಗ ಈರುಳ್ಳಿ ಬೆಳ್ಳುಳ್ಳಿನೂ ಮುಟ್ಟಲ್ಲಂಡಿ. ಸ್ನಾನ ಮಾಡಿ ಮಡಿಯಲ್ಲಿ ಮಾಡಿದ್ದಾದ್ರೆ ಮಾತ್ರ ತಿಂತಾರಂತೆ. ಆದ್ರೆ ಮೊದಲ ಸಾಲಿನವ್ರಿಗೂ ಅದು ಕೋಳಿನೇ ಅನ್ನಿಸ್ಬೇಕು."

"ಆಗುತ್ತೆ. ಆದ್ರೆ ನಮ್ಮನೆಯವ್ರಿಗೆ ಐದು ಮಾತಿರೋ ಪಾತ್ರ ಕೊಡಿ."

ನಮ್ಮವರು ಆ ತಂಡಕ್ಕೆ ಪರದೆ ಎಳೆದು ಎಳೆದು ಕೈ ಬೊಬ್ಬೆ ಬರಿಸಿಕೊಂಡಿದ್ದರು. ಒಂದೇ ಒಂದು ಸಲ ಬಣ್ಣ ಹಚ್ಚಿ ಮಾತಾಡಬೇಕೆಂಬ ಆಸೆ. ಅದನ್ನು ಬಾಯಿಬಿಟ್ಟು ಕೇಳುವ ಜೀವವಲ್ಲ.

"ಅಮ್ಮಾ, ನಿಮ್ಮವ್ರು ತೆಲುಗು ಮಾತಾಡಿದ್ರೆ ಸಾಲದ ನೋಟಿಸ್ ಓದ್ದಂಗಿರುತ್ತೆ!"

"ಹಾಗಾದ್ರೆ ನನ್ನ ಕೋಳಿನೂ ಕುಂಬಳಕಾಯಿ ಥರ ಇರುತ್ತೆ."

ನನಗೆ ಬೇಕಿದ್ದದ್ದು ಒಂದೇ ಮಾತು, ಕೇಳಿದ್ದು ಐದು. ಚೌಕಾಸಿ ಎಂದರೆ ಅದೇ. ಒಂದಕ್ಕೆ ಇಳಿದೆವು. ಕೋಳಿಯ ತಟ್ಟೆ ಹಿಡಿದು ನಿಲ್ಲುವ ಆಳು. ಜಮೀನ್ದಾರ ಕೈ ತೋರಿಸಿದಾಗ "ಚಿತ್ತಂ ದೊರಾ", ಅಂದರೆ ಅಪ್ಪಣೆ ಒಡೆಯಾ, ಎಂದು ಬಾಗುವುದು. ನಮ್ಮವರು ಅದನ್ನು ಕನ್ನಡಿಗೆ ಹೇಳಿದರು, ಹಾಲಿನವನಿಗೆ ಹೇಳಿದರು, ಬ್ಯಾಂಕಿನಲ್ಲಿ ಮ್ಯಾನೇಜರಿಗೂ ಹೇಳಿಬಿಟ್ಟು ಮೆಚ್ಚುಗೆ ಪಡೆದರು.

ಹೋಗಿ ಇಳಿದದ್ದು ವಿಜಯವಾಡದ ಪಟಮಟ ಬಡಾವಣೆಯಲ್ಲಿ, ನಮ್ಮವರ ಕನ್ನಡದ ಸಹೋದ್ಯೋಗಿಯೊಬ್ಬರ ಮನೆಯಲ್ಲಿ. ತಲೆಗೆ ಸ್ನಾನ ಮಾಡಿ, ಒದ್ದೆ ಸೀರೆ ಉಟ್ಟು ಒಲೆಯ ಮುಂದೆ ನಿಂತೆ. ಆ ಮನೆಯ ಅಜ್ಜಿಗೆ ಸಂತೋಷವೋ ಸಂತೋಷ.

"ಈ ಕಾಲದಲ್ಲೂ ಇಷ್ಟು ಮಡಿ! ಏನಮ್ಮ ಮಾಡ್ತಿದೀಯ, ಹೋಳಿಗೆನಾ?"

"ಕೋಳಿ, ಅಜ್ಜಿ."

ಅಜ್ಜಿ ಮೂಗಿಗೆ ಸೆರಗು ಹಿಡಿದು, ದೇವರ ಮನೆಯ ಬಾಗಿಲು ಹಾಕಿಕೊಂಡರು.

ಮಾಡುವ ರೀತಿ ಹೇಳುತ್ತೇನೆ, ಬೇಕಾದವರು ನೆನಪಿಟ್ಟುಕೊಳ್ಳಿ. ಸುವರ್ಣಗೆಡ್ಡೆ, ಆಲೂಗಡ್ಡೆ ಬೇಯಿಸಿ, ಹುರಿಗಡಲೆ ಪುಡಿ ಸೇರಿಸಿ ಮೈ ಕಟ್ಟಬೇಕು. ಮೇಲೆ ತೆಳ್ಳಗೆ ಲಟ್ಟಿಸಿದ ಮೈದಾ ಹಿಟ್ಟಿನ ಚರ್ಮ. ಶ್ಯಾವಿಗೆ ಒರಳಿನ ಬಿಲ್ಲೆಯನ್ನು ಒತ್ತಿದರೆ ಪುಕ್ಕ ಕಿತ್ತ ಗುರುತು ಬೀಳುತ್ತದೆ. ತುಪ್ಪ, ಬೆಲ್ಲದ ಪಾಕ, ಅಚ್ಚಖಾರದ ಪುಡಿ ಸವರಿ ಬಾಣಲೆಯಲ್ಲಿ ಹೊರಳಿಸಿದರೆ ಬಣ್ಣ. ಮೂಳೆಗೆ ಸಿಪ್ಪೆ ಸುಲಿದ ಕಬ್ಬು. ಮೂಳೆಯನ್ನೂ ಚೀಪಿ ತಿನ್ನಬಹುದಾದ ಕೋಳಿ ಬೇರೆಲ್ಲಿ ಸಿಗುತ್ತದೆ?

ಬೇಯಿಸಿದ ಕೋಳಿಯನ್ನು ನಾನು ಹುಟ್ಟಿದಾಗಿನಿಂದ ನೋಡಿದವಳಲ್ಲ. ಹಳೆಯ ಪತ್ರಿಕೆಯೊಂದರ ಚಿತ್ರದಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಉಬ್ಬು ಕಂಡಿತ್ತು. ಎರಡು ಕಾಲು, ಸರಿ. ಉಳಿದೆರಡು ರೆಕ್ಕೆ ಇರಬೇಕು. ಪುಕ್ಕ ಹೋದ ಮೇಲೆ ರೆಕ್ಕೆಯೂ ಕಾಲಿನ ಹಾಗೇ ತಾನೇ ಎಂದು ನಾಲ್ಕಕ್ಕೂ ಒಂದೇ ಅಳತೆಯ ಕಬ್ಬು ಚುಚ್ಚಿದೆ. ನಮ್ಮವರಿಗೂ ಏನೂ ಅನ್ನಿಸಲಿಲ್ಲ. ಅವರು ಕಂಡ ಕೋಳಿಯೂ ಅಷ್ಟೇ, ಬೀದಿಯಲ್ಲಿ ಓಡಾಡುವುದು. ಬಾಳೆಲೆ ಮುಚ್ಚಿ ರಂಗಕ್ಕೆ ಒಯ್ದರು.

ಸ್ಪರ್ಧೆಯ ನಿಯಮ, ನಡುವೆ ಪರದೆ ಬಿದ್ದರೆ ತಂಡ ಔಟ್. ಮಾಲೆಯ ಕಪ್ಪು ಬಟ್ಟೆ ಬಿಡುವಂತಿಲ್ಲವೆಂದು ಜಮೀನ್ದಾರರಿಗೆ ಕಪ್ಪು ರೇಷ್ಮೆ ಉಡಿಸಿದ್ದೆವು. ಗಡ್ಡವಂತೂ ಬೆಳೆದೇ ಇತ್ತು. ಬಾಳೆಲೆ ಸರಿಸಿ, ಒಂದು ಕಾಲು ಮುರಿದು, ಮೂಳೆ ಕಡಿದು ಕಣ್ಣು ಮುಚ್ಚಿ ಚೀಪಿದರು. ಸಭೆ ಛೀ ಅಂದಿತು. ನಾನು ರಂಗದ ಪಕ್ಕದಲ್ಲಿ ಕುಣಿಯುವುದೊಂದು ಬಾಕಿ.

ಅಷ್ಟರಲ್ಲಿ ಮೊದಲ ಸಾಲಿನಲ್ಲಿ ಜಮೀನ್ದಾರರ ಗುರುಸ್ವಾಮಿ ಎದ್ದು ನಿಂತರು. ಮಾಲೆ ಹಾಕಿಸಿದವರೇ ಅವರು. ವಿಜಯವಾಡದ ದುರ್ಗಮ್ಮನ ದರ್ಶನಕ್ಕೆ ಬಂದವರು ಶಿಷ್ಯನ ನಾಟಕಕ್ಕೂ ಬಂದಿದ್ದರು. ಮೊದಲೇ ಹೇಳಿಡಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

"ಸ್ವಾಮೀ! ಕೊರಳಲ್ಲಿ ಮಾಲೆ, ಬಾಯಲ್ಲಿ ಕೋಳಿನಾ!" ಎನ್ನುತ್ತಾ ರಂಗದ ಅಂಚಿಗೇ ಬಂದರು. ಜಮೀನ್ದಾರರ ಬಾಯಿ ತುಂಬಾ ಗೆಡ್ಡೆ, ಉತ್ತರ ಹೊರಡದು. ಗುರುಸ್ವಾಮಿ ನಮ್ಮವರ ಕಡೆ ತಿರುಗಿದರು. "ಏನಯ್ಯಾ, ನೀನು ಹೇಳು. ಇದು ಕೋಳಿ ತಾನೇ?"

ಯಾರೋ ದೊಡ್ಡವರು ತಮ್ಮತ್ತ ಕೈ ತೋರಿಸಿದ್ದೇ ತಡ, ನಮ್ಮವರು ಬಾಗಿ, ಕೊನೆಯ ಸಾಲಿಗೂ ಕೇಳುವಂತೆ ಹೇಳಿಬಿಟ್ಟರು:

"ಚಿತ್ತಂ ದೊರಾ!"

ನಿರ್ದೇಶಕರು ಪರದೆಯ ಹಗ್ಗಕ್ಕೆ ಕೈ ಹಾಕಿದರು. ನಾನು ಅವರ ಕೈ ಹಿಡಿದೆ. "ಸ್ವಲ್ಪ ತಾಳಿ ಅಂಡಿ! ತಟ್ಟೆ ನೋಡ್ತಿದಾರೆ."

ನಮ್ಮವರು ಬಾಗಿದ್ದರಿಂದ ತಟ್ಟೆ ಗುರುಸ್ವಾಮಿಯ ಮೂಗಿನ ನೇರಕ್ಕೆ ಬಂದಿತ್ತು. ಮಾಲೆ ಇಲ್ಲದ ತಿಂಗಳುಗಳಲ್ಲಿ ಮಿಲಿಟರಿ ಹೋಟೆಲ್ ನಡೆಸುವ ಮನುಷ್ಯ ಅವರು. ತಟ್ಟೆಯನ್ನು ಒಂದು ಸುತ್ತು ತಿರುಗಿಸಿ ನೋಡಿದರು.

"ಒಂದು ಕಾಲು ತಿಂದಾಯ್ತು," ಎಂದರು ನಿಧಾನಕ್ಕೆ. "ಇನ್ನೂ ಮೂರಿದೆ! ಇದು ಕೋಳಿನಾ, ಕುರ್ಚಿನಾ?"

ಸಭೆ ಬಿದ್ದು ಬಿದ್ದು ನಕ್ಕಿತು. ಅಷ್ಟರಲ್ಲಿ ಗೆಡ್ಡೆ ನುಂಗಿಕೊಂಡಿದ್ದ ಜಮೀನ್ದಾರರು ಮೀಸೆ ತಿರುವಿ, "ನಮ್ಮ ಜಮೀನಿನ ಕೋಳಿ ಹಾಗೇ ಕಣಯ್ಯಾ. ರೈತರಿಗೆ ಒಂದು ಕಾಲೂ ಕೊಡದೆ ನಾಲ್ಕನ್ನೂ ನಾನೇ ತಿಂತೀನಿ!" ಎಂದು ಎರಡನೆಯ ಕಾಲನ್ನು ಗುರುಸ್ವಾಮಿಯ ಕೈಗೇ ಕೊಟ್ಟರು. ಅವರು ಮೂಸಿದರು, ಕಬ್ಬು ಕಚ್ಚಿದರು, "ಸ್ವಾಮಿಯೇ ಶರಣಂ ಅಯ್ಯಪ್ಪ" ಎಂದು ಹೋಗಿ ಕೂತು ಪೂರ್ತಿ ತಿಂದರು. ಪರದೆ ಬೀಳಲೇ ಇಲ್ಲ.

ತೀರ್ಪುಗಾರರಿಗೆ ಇದೆಲ್ಲ ನಾಟಕದ್ದೇ ಎನ್ನಿಸಿತ್ತು. ಸಮಾಧಾನಕರ ಬಹುಮಾನವೊಂದನ್ನು "ಪ್ರೇಕ್ಷಕರ ನಡುವೆ ಕುಳಿತು ಅದ್ಭುತವಾಗಿ ಅಭಿನಯಿಸಿದ ಸ್ವಾಮಿಗಳಿಗೆ" ಎಂದು ಕೂಗಿದರು. ಗುರುಸ್ವಾಮಿ ಬೇಡ ಅನ್ನಲಿಲ್ಲ.

ವಾಪಸು ರೈಲಿನಲ್ಲಿ ನಮ್ಮವರು ಚಿತ್ರಾನ್ನದ ಪೊಟ್ಟಣವನ್ನೂ ಬಿಚ್ಚದೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಮಾತು ತಪ್ಪಿದ ಜಾಗದಲ್ಲಿ ಬಿತ್ತೆಂದು ಬೇಸರವಿರಬೇಕೆಂದು ಸಮಾಧಾನ ಹೇಳಲು ಬಾಯಿ ತೆರೆದೆ.

"ಕೊನೇ ಸಾಲಿಗೆ ಕೇಳಿಸ್ತಲ್ವೇನೇ?" ಎಂದರು.

"ಕೊನೇ ಸಾಲೇನು, ರಸ್ತೆ ದಾಟಿ ಬೆಂಜ್ ಸರ್ಕಲ್‌ವರೆಗೂ ಕೇಳಿಸ್ತು."

"ಮುಂದಿನ ಸಲ ಚೌಕಾಸಿ ಮಾಡುವಾಗ ಒಂದು ವಿಷಯ ನೋಡ್ಕೋ," ಎಂದರು ಗಂಭೀರವಾಗಿ. "ಪಾತ್ರ ಬೇಡ. ಪ್ರೇಕ್ಷಕರ ಮಧ್ಯೆ ಒಂದು ಕುರ್ಚಿ ಕೇಳು."