ಉಪ್ಪು ಮಾರುವವಳ ದೇವರು

ಅವರ ತುಟಿಗಳ ನಡುವೆ ಸದಾ ಎರಡು ಮೂರು ಗುಂಡುಸೂಜಿ ಇರುತ್ತಿದ್ದವು. ಹಾಗಾಗಿ ಬಾಯಿಯ ಎಡಮೂಲೆಯಿಂದಲೇ ಮಾತಾಡುವುದು ರೂಢಿಯಾಗಿಬಿಟ್ಟಿತ್ತು. ಸೂಜಿ ಇಲ್ಲದಾಗಲೂ ಹಾಗೆಯೇ. ತಿಪಟೂರಿನಲ್ಲಿ ನಮ್ಮ ಮೆಡಿಕಲ್ ಸ್ಟೋರಿನ ಪಕ್ಕದ ಟೈಲರ್ ಅಂಗಡಿ ಅವರದು. ನನಗಿಂತ ಹಿರಿಯರು. ಎಲ್ಲರಿಗೂ ಭಾಯಿ.

ಭಾನುವಾರ ಮಧ್ಯಾಹ್ನ ಷಟರ್ ಅರ್ಧ ಎಳೆದು, ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಕೂರುತ್ತಿದ್ದೆವು: ಭಾಯಿ, ನಾನು, ಕೊಬ್ಬರಿ ವ್ಯಾಪಾರದ ನನ್ನ ಗೆಳೆಯ, ಹೊನ್ನವಳ್ಳಿಯಿಂದ ಸ್ಕೂಟರಿನಲ್ಲಿ ಬರುತ್ತಿದ್ದ ನರ್ಸ್. ನಮ್ಮದು ಪಾತ್ರದ ಆಟ. ಎಲ್ಲೂ ಇಲ್ಲದ ನಾಡಿನ ಕಥೆಯನ್ನು ಭಾಯಿ ನಡೆಸುವರು. ನಾವು ಒಂದೊಂದು ಪಾತ್ರವಾಗಿ ಏನು ಮಾಡುತ್ತೇವೆಂದು ಹೇಳಬೇಕು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ದಾಳ ಉರುಳಿಸಬೇಕು. ಮೊಬೈಲಿನಲ್ಲಿ ನೋಡಿ ಕಲಿತಿದ್ದರಂತೆ. ಉಳಿದ ಲೈನಿಂಗ್ ಬಟ್ಟೆಯ ಮೇಲೆ ಟೈಲರ್ ಚಾಕಿನಿಂದ ಕೋಟೆ, ಹೊಳೆ, ಕಾಡು ಬರೆಯುತ್ತಿದ್ದರು. ರಂಜಾನಿನಲ್ಲಿ ಒಣಗಿದ ಬಾಯಲ್ಲೇ ಅರಮನೆಯ ಊಟವನ್ನು ಬಣ್ಣಿಸಿ, ನಮಗೆ ಮಾತ್ರ ಟೀ ತರಿಸುತ್ತಿದ್ದರು.

ಮೊದಮೊದಲು ಆಟದಲ್ಲಿ ದೇವರಿದ್ದದ್ದು ಗೆಳೆಯನ ಪೂಜಾರಿ ಪಾತ್ರಕ್ಕೆ ಮಾತ್ರ. ಅವನು ಕೈಯೆತ್ತಿದರೆ ಬೆಂಕಿ, ಮುಟ್ಟಿದರೆ ಗಾಯ ಮಾಯ. ನನ್ನ ಪಾತ್ರ ಊರೂರಿಗೆ ಗಾಡಿಯಲ್ಲಿ ಉಪ್ಪು ಮಾರುವ ಹೆಂಗಸು.

"ನಿನ್ ಉಪ್ಪಿನೋಳು ಬೆಳಿಗ್ಗೆ ಎದ್ದು ಯಾರನ್ನ ನೆನೀತಾಳೆ?" ಎಂದು ಒಂದು ದಿನ ಭಾಯಿ ಕೇಳಿದರು.

"ಅವ್ಳಿಗೆ ಮಂತ್ರ ಗಿಂತ್ರ ಬರಲ್ವಲ್ಲ ಭಾಯಿ."

"ನಿಮ್ಮವ್ವಂಗೆ ಬತ್ತದಾ? ದಿನಾ ಇಬೂತಿ ಇಟ್ಕಳಲ್ವಾ?"

"ಇಟ್ಕಳ್ದೆ ಕಾಫೀನೂ ಕುಡಿಯಲ್ಲ."

"ಹಂಗೆ ಕಣಪ್ಪ. ದೇವ್ರು ಏನ್ ಕೊಡ್ತಾನೆ ಅನ್ನೋದು ಅತ್ಲಾಗಿರ್ಲಿ. ದೇವ್ರಿಗೋಸ್ಕರ ಅವ್ಳು ಏನ್ ಬುಡ್ತಾಳೆ, ಅದ್ ಹೇಳು."

ಯೋಚಿಸಿ ಯೋಚಿಸಿ, ಉಪ್ಪು ಮುಟ್ಟಿದವಳು ಸುಳ್ಳಾಡುವುದಿಲ್ಲ ಎಂಬ ವ್ರತ ಕೊಟ್ಟೆ.

ಕೆಲವು ವಾರ ಕಳೆದ ಮೇಲೆ ಅದೇ ಕುತ್ತಿಗೆಗೆ ಬಂತು. ನರ್ಸ್ ಆಡುತ್ತಿದ್ದ ನೇಕಾರರ ಹುಡುಗಿಯನ್ನು ಕೊಲ್ಲಲು ರಾಜನ ಸೈನಿಕರು ಅಟ್ಟಿಸಿಕೊಂಡು ಬಂದರು. ಅವಳು ನನ್ನ ಗಾಡಿಯಲ್ಲಿ ಮೂಟೆಗಳ ಹಿಂದೆ ಅಡಗಿದಳು. ಭಾಯಿ ದಳಪತಿಯ ದನಿಯಲ್ಲಿ, "ಗಾಡೀಲಿ ಯಾರವ್ರೆ?" ಎಂದರು.

"ಯಾರೂ ಇಲ್ಲ ಅಂದು ದಾಳ ಹಾಕು ಕಣ್ಲಾ," ಎಂದ ಗೆಳೆಯ.

ದಾಳ ಕೈಗೆತ್ತಿಕೊಂಡೆ. ಉರುಳಿಸಲು ಮನಸ್ಸು ಬರಲಿಲ್ಲ. ಕೆಳಗಿಟ್ಟು ಹೇಳಿದೆ, "ಅವ್ಳು ಮಾತಾಡಲ್ಲ. ಮೂಟೆ ಬಿಚ್ಚಿ ಉಪ್ಪನ್ನೆಲ್ಲ ದಾರಿಗೆ ಸುರೀತಾಳೆ."

ಆ ನಾಡಿನಲ್ಲಿ ಉಪ್ಪಿಗೆ ಬಹಳ ಬೆಲೆ. ಸೈನಿಕರು ಬಾಚಿಕೊಳ್ಳಲು ಮುಗಿಬಿದ್ದರು, ಹುಡುಗಿ ತಪ್ಪಿಸಿಕೊಂಡಳು. ನನ್ನವಳಿಗೆ ಉಳಿದದ್ದು ಬರಿಗಾಡಿ.

"ಇಷ್ಟು ಮಾಡಿದ್ಕೆ ದೇವ್ರು ಏನೂ ಕೊಡಲ್ವಾ ಭಾಯಿ?"

"ಇಲ್ಲ," ಎಂದು ಭಾಯಿ ಬಟ್ಟೆ ಮಡಿಚಿದರು.

ಮುಂದಿನ ಭಾನುವಾರ ಬರಿಗಾಡಿಯೊಂದಿಗೆ ಗುರುತಿಲ್ಲದ ಊರು ಸೇರಿದೆ. ಕಥೆಯಲ್ಲಿ ಒಬ್ಬ ಮುದುಕಿ ಬಾಗಿಲಿಗೆ ಬಂದಳು. ಭಾಯಿಯ ದನಿ ಬಹಳ ಮೆತ್ತಗಾಯಿತು. "ಉಪ್ಪು ಹೋದ್ರೂ ಸುಳ್ಳಾಡ್ನಿಲ್ವಂತೆ, ಅವ್ಳು ನೀನೇನಾ? ಒಳೀಕ್ ಬಾರವ್ವ, ಅಂಬ್ಲಿ ಐತೆ."

ಆಮೇಲಿಂದ ನಮ್ಮ ಆಟದಲ್ಲಿ ದೇವರಿಲ್ಲದ ಪಾತ್ರವೇ ಇರಲಿಲ್ಲ. ಮನೆಯಲ್ಲಿ ಅವ್ವ ಹಣೆಗೆ ವಿಭೂತಿಯ ಬೆರಳೆಳೆಯುವುದನ್ನು ನಾನು ನಿಂತು ನೋಡತೊಡಗಿದ್ದೂ ಆಗಲೇ.

ಹೋದ ವರ್ಷ ಭಾಯಿ ಎದೆನೋವಿನಿಂದ ತೀರಿಕೊಂಡರು. ನಾನೂ ಗೆಳೆಯನೂ ಖಬರಸ್ತಾನಕ್ಕೆ ಹೋದೆವು. ಒಬ್ಬೊಬ್ಬರಾಗಿ ಬಗ್ಗಿ ಮಣ್ಣು ಹಾಕುತ್ತಿದ್ದರು. ನನ್ನ ಸರದಿ ಬಂದಾಗ ತಡವರಿಸಿದೆ. ಪಕ್ಕದಲ್ಲಿದ್ದ ಭಾಯಿಯ ತಮ್ಮನನ್ನು, "ಹಾಕುವಾಗ ಏನ್ ಹೇಳ್ಬೇಕು?" ಎಂದು ಕೇಳಿದೆ.

"ನಿಮ್ ಲಿಂಗಾಯತ್ರಲ್ಲೂ ಮಣ್ಣಿಗೇ ಇಡೋದಲ್ವಾ?" ಎಂದರು ಅವರು. "ನಿಮ್ಮೋರಿಗೆ ಏನ್ ಹೇಳ್ತೀರೋ ಅದ್ನೇ ಹೇಳ್ರಿ."

ಒಂದು ಹಿಡಿ ತೆಗೆದುಕೊಂಡೆ. ನಮ್ಮಪ್ಪ ಹೋದಾಗ ಹೇಳಿದ್ದನ್ನೇ ಮೆಲ್ಲಗೆ ಹೇಳಿ, ಹಾಕಿದೆ.