ಉಡದ ಗುಂಡಿಗೆಗೆ ಕಿವಿಗೊಟ್ಟವಳು

ನಮ್ಮಕ್ಕನಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಹಾಲು ಉಕ್ಕುವ ಮೊದಲೇ ಒಲೆ ಆರಿಸುವ ಪೈಕಿ. ಅಂಥವಳಿಗೆ ಸಿಕ್ಕ ಕೆಲಸವೋ, ಸುಮ್ಮನೆ ಕೂತು ಕೇಳಿಸಿಕೊಳ್ಳುವುದು! ಸಂಶೋಧನಾ ಕೇಂದ್ರದ ಹಿತ್ತಲಲ್ಲಿ ಬಲೆ ಕಟ್ಟಿದ ದೊಡ್ಡ ಆವರಣ, ಅದರೊಳಗೆ ಉಡಗಳು. ಅವಕ್ಕೆ ಆಹಾರ ಹಾಕುವವಳು, ಅಲ್ಲಿ ಗುಡಿಸುವವಳು, ಅವುಗಳ ಎದೆಬಡಿತ ಕೇಳುವವಳು ಎಲ್ಲ ಇವಳೇ.

ಮೊದಲೆಲ್ಲ ಉಡವನ್ನು ಹಿಡಿದು, ಮೇಜಿಗೆ ಅದುಮಿ, ತಂತಿ ಅಂಟಿಸಿ ಬಡಿತ ನೋಡುತ್ತಿದ್ದರಂತೆ. ಹಾಗೆ ಅದುಮಿದರೆ ಯಾರ ಗುಂಡಿಗೆ ತಾನೇ ನೆಟ್ಟಗಿದ್ದೀತು? ಅದಕ್ಕೇ ಕೇಂದ್ರದ ಡಾಕ್ಟರು ಅವುಗಳ ಬೆನ್ನಿನ ಚರ್ಮದಡಿ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಹೊಲಿದರು. ಉಡ ತನ್ನ ಪಾಡಿಗೆ ಓಡಾಡಿಕೊಂಡಿರುತ್ತದೆ; ಈಚೆ ಕೋಣೆಯ ರಿಸೀವರ್‌ನಲ್ಲಿ ಅದರ ಬಡಿತ ಟಕ್ ಟಕ್ ಎನ್ನುತ್ತದೆ. ಕೇಳುವ ಹೊತ್ತಿನಲ್ಲಿ ಯಾರೂ ಒಳಗೆ ಕಾಲಿಡಕೂಡದು.

ಅಕ್ಕನಿಗೆ ಜೀವವೆಂದರೆ ‘ದೊರೆಸಾನಿ’ ಎಂಬ ಹೆಣ್ಣು ಉಡ. ಅದು ಮೈ ತುಂಬಿಕೊಂಡದ್ದು ತನ್ನ ಕೈಗುಣವೆಂದು ಸಿಕ್ಕಸಿಕ್ಕವರ ಮುಂದೆ ಬೀಗುತ್ತಿದ್ದಳು. “ನನ್ನೆದೆ ಬಡ್ಕೊಳ್ಳೋದನ್ನ ಒಂದಿನಾನಾದ್ರೂ ಕೇಳಿದೀಯೇನೇ?” ಎಂದು ಭಾವ ರೇಗಿಸಿದರೆ, “ನಿಮ್ಮ ಗೊರಕೇನೇ ಸಾಕಾಗಿದೆ” ಎನ್ನುತ್ತಿದ್ದಳು.

ಅವತ್ತು ನಾನು ಊಟದ ಡಬ್ಬಿ ಕೊಡಲು ಹೋದಾಗ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ದೊರೆಸಾನಿಯ ಸದ್ದು ಸಣ್ಣಗಾಗುತ್ತ ಬಂದು ನಿಂತೇಹೋಗಿತ್ತು. ಉಳಿದ ಉಡಗಳದ್ದು ಸರಿಯಾಗಿಯೇ ಕೇಳುತ್ತಿತ್ತು. ಹಿಂದಿನ ದಿನ ಅದರ ಹೊಲಿಗೆಯ ಜಾಗ ಕೆಂಪಗಿದ್ದದ್ದನ್ನು ಕಂಡಿದ್ದಳಲ್ಲ, ಕೀವಾಗಿ ಸಾಯುತ್ತಿದೆ ಎಂದೇ ಅವಳ ಲೆಕ್ಕ. ಡಾಕ್ಟರಿಗೆ ಫೋನ್ ಮಾಡಿದಳು.

“ಮಣ್ಣೊಳಗೆ ಹೋಗಿರ್ಬೇಕಮ್ಮ. ಒದ್ದೆ ಮಣ್ಣಿಂದ ಸಿಗ್ನಲ್ ಬರಲ್ಲ. ನಾನು ಹೊರಟೆ, ಅಲ್ಲೀವರೆಗೂ ಏನೂ ಮುಟ್ಬೇಡಿ.”

“ಆಯ್ತು ಸಾರ್” ಎಂದಳು. ಕೂತಳು, ಎದ್ದಳು. ಬಾಗಿಲವರೆಗೆ ಹೋಗಿ ಬಂದಳು. ರಿಸೀವರ್ ತಟ್ಟಿದಳು. ನನಗಂತೂ ನೋಡಿ ನೋಡಿಯೇ ತಲೆ ಸುತ್ತಿತು.

“ಡಾಕ್ಟ್ರು ಬರ್ಲಿ ಇರೇ” ಎಂದೆ.

“ಅವ್ರು ಬರೋಷ್ಟ್ರಲ್ಲಿ ಅದು ಸತ್ತೋದ್ರೆ?” ಎಂದವಳೇ ಗುದ್ದಲಿ ಹಿಡಿದು ಒಳಗೆ ನುಗ್ಗಿದಳು.

ಬಲೆಯ ಮೂಲೆಯಲ್ಲಿ ಮಣ್ಣು ಹೊಸದಾಗಿ ಕೆದರಿತ್ತು. ಹುಚ್ಚು ಹಿಡಿದವಳಂತೆ ಅಗೆದಳು. ಮಣ್ಣು ಕುಸಿದದ್ದೇ ತಡ, ದೊರೆಸಾನಿ ಬುಸ್ಸೆಂದು ಹೊರಬಿದ್ದು ಓಡಿತು. ಕೋಣೆಯಲ್ಲಿ ರಿಸೀವರ್ ಒಂದೇ ಸಮನೆ ಬಡಿದುಕೊಳ್ಳತೊಡಗಿತು.

“ಬದುಕಿದೆ ಕಣೇ!” ಎಂದು ಅಕ್ಕ ಕಿರುಚಿದಳು. ನನಗೂ ಕಣ್ಣು ತುಂಬಿ ಬಂತು. ಆಮೇಲೆ ಅವಳು ಗುದ್ದಲಿಯನ್ನು ನೋಡಿದಳು. ಅದಕ್ಕೆ ಹಳದಿ ಲೋಳೆ ಅಂಟಿತ್ತು. ಗುಂಡಿಯ ತುಂಬ ಬೆಳ್ಳನೆಯ ಮೊಟ್ಟೆಗಳು, ಒಂದೂ ಒಡೆಯದೆ ಉಳಿದಿರಲಿಲ್ಲ.

ಡಾಕ್ಟರು ಬಂದು ನೋಡಿದರು. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

“ಸಾರ್, ಮೊಟ್ಟೆ ಒಳಗಿರೋವಕ್ಕೂ ಗುಂಡಿಗೆ ಬಡ್ಕೊಳ್ತಿತ್ತಾ?”

“ಇಷ್ಟು ಬೇಗ ಇಲ್ಲಮ್ಮ. ಈಗಷ್ಟೇ ಇಟ್ಟಿರೋದು.”

ನಿಜವೇ ಇರಬೇಕು. ಅಕ್ಕ ನಂಬಲಿಲ್ಲ. ಮಂಡಿಯೂರಿ, ಒಡೆದ ಮೊಟ್ಟೆಯೊಂದನ್ನು ಎತ್ತಿ ಕಿವಿಗೆ ಹಿಡಿದಳು.